ದೀರ್ಘ ತಪ್ಪಿದ ತೋಟಾ

ಬಯೋಡಾಟಾ ಬರೆಯಲು ಕೂತಾಗ ಎಂಥ ಸತ್ಯವಂತನ ಕೈಯೂ ಸ್ವಲ್ಪ ಧಾರಾಳವಾಗುತ್ತದೆ. ಈಜು ಬರುತ್ತದೆ ಎಂದು ಬರೆದವನು ಸೊಂಟಮಟ್ಟದ ನೀರಿನಲ್ಲಿ ನಿಂತು ಎದ್ದು ಬಂದವನಾಗಿರುತ್ತಾನೆ. ಓದುವುದು ಹವ್ಯಾಸ ಎಂದು ಬರೆದವನು ಶೇಂಗಾ ಕಟ್ಟಿಕೊಟ್ಟ ಕಾಗದವನ್ನು ಬಿಚ್ಚಿ ಓದಿದವನಾಗಿರುತ್ತಾನೆ. ನನ್ನ ಬಯೋಡಾಟಾದ ಕೊನೆಯ ಸಾಲು ‘ಎನ್‌ಸಿಸಿ ಶಿಬಿರದ ರೈಫಲ್ ಸ್ಪರ್ಧೆಯಲ್ಲಿ ಪ್ರಥಮ’ ಎಂದಿತ್ತು. ಇದು ಸುಳ್ಳಲ್ಲ, ಪ್ರಮಾಣಪತ್ರ ಗದಗಿನ ನಮ್ಮ ಮನೆಯ ಟ್ರಂಕಿನಲ್ಲಿ ಈಗಲೂ ಇದೆ. ಆದರೆ ಪೂರ್ತಿ ನಿಜವೂ ಅಲ್ಲ. ಆ ದಿನ ನಮಗೆಲ್ಲ ತಲಾ ಐದು ಗುಂಡು ಕೊಟ್ಟಿದ್ದರು. ಒಂದು ಕಣ್ಣು ಮುಚ್ಚು ಎಂದರೆ ಎರಡೂ ಕಣ್ಣು ಮುಚ್ಚಿಕೊಳ್ಳುವ ಅಭ್ಯಾಸ ನನಗೆ. ಐದೂ ಸಲ ಹಾಗೇ ಹೊಡೆದೆ. ಆಮೇಲೆ ಹವಾಲ್ದಾರರು ನನ್ನ ಹಲಗೆಯ ಹತ್ತಿರ ಹೋಗಿ ನೋಡಿದರೆ ಆರು ತೂತು ಬಿದ್ದಿವೆ. ಐದು ತೂತು ನಟ್ಟನಡುವೆ, ಒಂದರ ಪಕ್ಕ ಒಂದು, ಎಂಟಾಣೆ ಇಟ್ಟರೆ ಮುಚ್ಚಿಹೋಗುವಷ್ಟು ಜಾಗದಲ್ಲಿ. ಆರನೆಯದು ಮೇಲಿನ ಎಡಮೂಲೆಯಲ್ಲಿ. ನನ್ನ ಪಕ್ಕದಲ್ಲಿ ಮಲಗಿ ಹೊಡೆದ ಹಾವೇರಿ ಕಡೆಯ ಹುಡುಗನ ಹಲಗೆ ಹೊಸ ಸ್ಲೇಟಿನ ಹಾಗೆ ಸ್ವಚ್ಛವಾಗಿತ್ತು. ಮೂಲೆಯ ತೂತು ಪಕ್ಕದ ದಡ್ಡನದು ಎಂದು ಹವಾಲ್ದಾರರು ತೀರ್ಪು ಕೊಟ್ಟು ನನ್ನ ಬೆನ್ನು ತಟ್ಟಿದರು. ನನಗೆ ಮಾತ್ರ ಆಗಲೇ ಗೊತ್ತಿತ್ತು, ಆ ಮೂಲೆಯದೊಂದೇ ನನ್ನದು. ಆ ಹುಡುಗ ಹಲಗೆ ತಪ್ಪಿ ನನ್ನದಕ್ಕೆ ಐದೂ ಹೊಡೆದಿದ್ದ. ನಾನು ಸುಮ್ಮನೆ ನಿಂತು ಸೆಲ್ಯೂಟ್ ಹೊಡೆದೆ. ಅದು ಮಾತ್ರ ನನಗೆ ಚೆನ್ನಾಗಿ ಬರುತ್ತಿತ್ತು.

ಆ ಸಾಲನ್ನು ಮರೆಯದೆ ಇಟ್ಟುಕೊಂಡವರು ಇಡೀ ಅಮೆರಿಕದಲ್ಲಿ ಒಬ್ಬರೇ, ವಾಲ್ಟರ್. ಎದುರಿಗೆ ಅವರನ್ನು ಬರೀ ಹೆಸರು ಹಿಡಿದು ಕರೆಯುತ್ತೇನೆ, ಇಂಗ್ಲಿಷಿನಲ್ಲಿ ಅದಕ್ಕೆ ದೋಷವಿಲ್ಲ. ಕನ್ನಡದಲ್ಲಿ ನೆನೆಸಿಕೊಳ್ಳುವಾಗ ಮಾತ್ರ ಬಹುವಚನ ತಾನಾಗಿಯೇ ಬರುತ್ತದೆ, ಬರಬೇಕು ಕೂಡ. ಹನ್ನೆರಡು ವರ್ಷದ ಹಿಂದೆ ನನ್ನ ಕಂಪನಿ ಒಂದು ಸೋಮವಾರ ನಮ್ಮ ಟೀಮಿಗೆ ಟೀಮನ್ನೇ ಮನೆಗೆ ಕಳಿಸಿತು. ಅರವತ್ತು ದಿನದೊಳಗೆ ಬೇರೆ ಕೆಲಸ ಸಿಗದಿದ್ದರೆ ವೀಸಾ ಹೋಗುತ್ತದೆ, ಗಂಟುಮೂಟೆ ಕಟ್ಟಬೇಕು. ಮಗಳು ಅನು ಆಗ ಎರಡು ವರ್ಷದವಳು. ನಲವತ್ತಮೂರನೆಯ ದಿನ ಹೇವರ್ಡಿನ ಒಂದು ಪಂಪು ತಯಾರಿಸುವ ಸಣ್ಣ ಫ್ಯಾಕ್ಟರಿಯಲ್ಲಿ ಇಂಟರ್‌ವ್ಯೂ ಆಯಿತು. ಅಲ್ಲಿನ ಮ್ಯಾನೇಜರು ವಾಲ್ಟರ್. ನನ್ನ ಕಾಗದವನ್ನು ಕೆಳಗಿನಿಂದ ಮೇಲಕ್ಕೆ ಓದಿದರು, ಪಂಪಿನ ಬಗ್ಗೆ ನಾಲ್ಕು ಪ್ರಶ್ನೆ ಕೇಳಿದರು, ಕೈ ಕುಲುಕಿದರು. ಸ್ಯಾನ್ ರಮೋನಿನಲ್ಲಿ ನನಗೀಗ ಇರುವ ಮನೆ, ಮಗಳ ಶಾಲೆ, ದೀಪಾವಳಿಯ ಸಾಲುದೀಪದ ಹಾಗೆ 680 ಹೆದ್ದಾರಿಯಲ್ಲಿ ದಿನಾ ಸಂಜೆ ನಿಲ್ಲುವ ಕಾರುಗಳಲ್ಲಿ ನನ್ನದೂ ಒಂದು, ಎಲ್ಲ ಶುರುವಾದದ್ದು ಆ ಕೈಕುಲುಕಿನಿಂದ. ಅವರು ಏನು ಕೇಳಿದರೂ ಇಲ್ಲ ಎನ್ನುವ ಸ್ಥಿತಿಯಲ್ಲಿ ನಾನಿಲ್ಲ. ಅದೃಷ್ಟಕ್ಕೆ ಅವರು ಏನನ್ನೂ ಕೇಳುವವರೂ ಅಲ್ಲ. ಕೇಳಿದ್ದು ಒಂದೇ ಸಲ, ಈ ವರ್ಷ ಫೆಬ್ರವರಿಯಲ್ಲಿ. ಫೋನು ಮಾಡಿ, “ಶಿವ್, ನೀನು ಒಳ್ಳೆಯ ಗುರಿಕಾರ ಅಲ್ಲವೇ?” ಅಂದರು.

ನಾನು “ಹ್ಞಾಂ” ಅಂದೆ. ನಮ್ಮ ಕಡೆ ‘ಹ್ಞಾಂ’ ಎಂದರೆ ‘ಕೇಳಿಸಿತು, ಮುಂದೆ ಹೇಳ್ರಿ’ ಎಂದಷ್ಟೇ ಅರ್ಥ. ವಾಲ್ಟರ್ ಅದನ್ನು ಹೌದು ಎಂದೇ ತಿಳಿದರು. ಗಿಲ್‌ರಾಯ್ ಆಚೆ ಗುಡ್ಡದ ಬುಡದಲ್ಲಿ ಅವರಿಗೆ ಸ್ವಲ್ಪ ಜಮೀನಿದೆ. ನಿವೃತ್ತರಾದ ಮೇಲೆ ಅಲ್ಲೇ ಇದ್ದಾರೆ, ಜೊತೆಗಿರುವುದು ಪೆನ್ನಿ ಎಂಬ ಮುದಿ ಹೆಣ್ಣುಕುದುರೆ. ಅದು ತೀರಿಕೊಂಡ ಅವರ ಹೆಂಡತಿ ರೂತ್ ಸಾಕಿದ ಕುದುರೆ. ಒಂದು ಕಣ್ಣು ಹೋಗಿದೆ, ಇನ್ನೊಂದು ತನಗೆ ಬೇಕಾದ್ದನ್ನು ಮಾತ್ರ ನೋಡುತ್ತದೆ. ಈಗ ಆ ಮೇವಿನ ಬಯಲಿಗೆ ನೆಲ ಅಳಿಲುಗಳು ನುಗ್ಗಿವೆ. ಇವು ಮರ ಹತ್ತುವ ಪೈಕಿ ಅಲ್ಲ, ಹೆಗ್ಗಣದ ಹಾಗೆ ಬಿಲ ತೋಡಿ ಇಡೀ ನೆಲವನ್ನು ಜರಡಿ ಮಾಡಿಬಿಡುತ್ತವೆ. ಕುದುರೆ ಒಂದು ಬಿಲದಲ್ಲಿ ಕಾಲಿಟ್ಟು ಮುರಿದುಕೊಂಡರೆ ಆ ವಯಸ್ಸಿನಲ್ಲಿ ಮಾಡುವುದಕ್ಕೆ ಏನೂ ಇರುವುದಿಲ್ಲ ಎಂದು ಪ್ರಾಣಿಗಳ ಡಾಕ್ಟರು ಹೇಳಿದ್ದರು. ಅದನ್ನು ಕೇಳಿದ ವಾಲ್ಟರ್ ಅವರ ಮಗಳು ಬೇಸಿಗೆಯೊಳಗೆ ನೆಲ ಸರಿಯಾಗದಿದ್ದರೆ ಕುದುರೆಯನ್ನು ದೂರದ ಯಾವುದೋ ಮುದಿ ಪ್ರಾಣಿಗಳ ಆಶ್ರಮಕ್ಕೆ ಕಳಿಸಲೇಬೇಕು ಎಂದು ಹಟ ಹಿಡಿದಿದ್ದಳು. ವಿಷ ಇಡಲು ವಾಲ್ಟರ್ ಒಪ್ಪುವುದಿಲ್ಲ. ಸತ್ತ ಅಳಿಲನ್ನು ತಿಂದ ಗೂಬೆಗಳೂ ಸಾಯುತ್ತವೆ, ಲಾಯದ ಮಾಡಿನಲ್ಲಿ ಗೂಬೆ ಸಂಸಾರವಿದೆ. ಬೋನು ಇಟ್ಟರೆ ಪಕ್ಕದ ಮನೆಯ ಬೆಕ್ಕು ಬಿತ್ತು. ನೆರೆಯವನೊಬ್ಬ ಉಪಕಾರ ಮಾಡುತ್ತೇನೆಂದು ದೊಡ್ಡ ಬಂದೂಕು ತಂದು ಒಂದು ಸಲ ಢಂ ಎನ್ನಿಸಿದ. ಅಳಿಲು ಓಡಲಿಲ್ಲ, ಪೆನ್ನಿ ಓಡಿ ಬೇಲಿಗೆ ಬಿದ್ದಳು. “ನನ್ನ ಕೈ ನಡುಗುತ್ತದೆ ಶಿವ್. ಸದ್ದು ಕಡಿಮೆ ಇರುವ ಏನನ್ನಾದರೂ ತಂದು ನೀನೇ ಮಾಡಬೇಕು,” ಎಂದರು ವಾಲ್ಟರ್. ಆ ದನಿ ನಾನು ಮೊದಲು ಕೇಳಿದ್ದಲ್ಲ. ಕುದುರೆ ಹೋದರೆ ರೂತ್ ಎರಡನೆಯ ಸಲ ಹೋದ ಹಾಗೆ ಎಂಬುದನ್ನು ಅವರು ಹೇಳಲಿಲ್ಲ, ನಾನೇ ತಿಳಿದುಕೊಂಡೆ.

ನಮ್ಮ ಮನೆಯಲ್ಲಿ ಮೊಟ್ಟೆ ಒಡೆದದ್ದು ಕೂಡ ಅನುವಿನ ಶಾಲೆಯ ವಿಜ್ಞಾನದ ಪ್ರಯೋಗಕ್ಕೆಂದು, ಒಂದೇ ಸಲ. ನನ್ನ ಹೆಂಡತಿ ಸುಮಂಗಲಾ ಧಾರವಾಡದವಳು. ಹಿತ್ತಲ ಬೇಲಿಯ ಮೇಲೆ ದಿನಾ ಬೆಳಿಗ್ಗೆ ಅಳಿಲುಗಳಿಗೆಂದು ಒಂದು ಹಿಡಿ ಶೇಂಗಾ ಇಡುತ್ತಾಳೆ. ಸೇತುವೆ ಕಟ್ಟುವಾಗ ಮರಳು ಹೊತ್ತ ಜೀವ, ರಾಮ ಬೆನ್ನು ಸವರಿ ಮೂರು ಗೆರೆ ಎಳೆದದ್ದು ಎಂದು ಮಗಳಿಗೆ ನೂರು ಸಲ ಹೇಳಿದ್ದಾಳೆ. ಇಲ್ಲಿಯ ಅಳಿಲಿನ ಬೆನ್ನ ಮೇಲೆ ಗೆರೆ ಇಲ್ಲ, ಆದ್ದರಿಂದ ಇವು ಸೇತುವೆ ಕೆಲಸಕ್ಕೆ ಬಂದವಲ್ಲ ಎಂಬ ವಾದ ನನ್ನಲ್ಲಿ ಸಿದ್ಧವಾಗಿತ್ತು. ಅದನ್ನು ಅವಳ ಮುಂದೆ ಆಡುವ ಧೈರ್ಯ ಸಿದ್ಧವಾಗಿರಲಿಲ್ಲ. ಸದ್ಯಕ್ಕೆ ಮನೆಯಲ್ಲಿ ಹೇಳುವುದು ಬೇಡ ಎಂದು ನಿಶ್ಚಯಿಸಿಕೊಂಡು, ಅವಳಿಗೆ ಯೋಗದ ಕ್ಲಾಸು ಎಂದು ಹೇಳಿ ಬೇಟೆಯ ಲೈಸೆನ್ಸಿನ ಕ್ಲಾಸಿಗೆ ಹೋಗಿ ಬಂದೆ. ಎರಡರಲ್ಲೂ ಉಸಿರು ಹಿಡಿಯುವುದನ್ನು ಕಲಿಸುತ್ತಾರೆ, ಹಾಗಾಗಿ ಪೂರ್ತಿ ಸುಳ್ಳೂ ಅಲ್ಲ.

ನನಗೆ ಗೊತ್ತಿದ್ದವರಲ್ಲಿ ಬಂದೂಕಿನ ವಿದ್ಯೆ ಬಲ್ಲವರು ನಜೀರ ಕಾಕಾ ಒಬ್ಬರೇ. ವಿಜಾಪುರದವರು, ಹೇವರ್ಡಿನಲ್ಲಿ ಮೂವತ್ತು ವರ್ಷದಿಂದ ಲೇಥು ಇಟ್ಟುಕೊಂಡು ಬಿಡಿಭಾಗ ಮಾಡಿಕೊಡುತ್ತಾರೆ, ಬಂದೂಕು ರಿಪೇರಿಯ ಲೈಸೆನ್ಸೂ ಇದೆ. ನಮ್ಮ ಫ್ಯಾಕ್ಟರಿಗೆ ಸಾಮಾನು ಕೊಡಲು ಬಂದ ಮೊದಲ ದಿನವೇ ನನ್ನ ಹೆಸರು, ಊರು ಕೇಳಿ, “ಗದಗಿನವನೇನು? ಹಂಗಾರ ಇನ್ನ ಇಂಗ್ಲಿಷ್ ಯಾಕ?” ಎಂದು ಆ ಭಾಷೆಯನ್ನು ನನ್ನ ಮಟ್ಟಿಗೆ ರದ್ದು ಮಾಡಿದವರು. ನನ್ನ ಸಂಕಟವನ್ನೆಲ್ಲ ಕೇಳಿ, ಗಡ್ಡ ನೀವಿಕೊಂಡು, “ಅಲ್ಲೋ ತಮ್ಮಾ, ಬದ್ನಿಕಾಯಿ ಹೆಚ್ಚಾಕ ಕೈ ನಡುಗೂ ಮಂದಿ ನೀವು. ನಿನಗ ಯಾವ ತೋಟಾ ಕೊಡ್ಲಿ?” ಎಂದರು.

ತೋಟಾ ಎಂದರೆ ಬಂದೂಕಿಗೆ ತುಂಬುವ ಕಾಟ್ರಿಜ್ಜು. ತಳದಲ್ಲಿ ಹಿತ್ತಾಳೆಯ ಕೊಳವೆ, ಅದರೊಳಗೆ ಮದ್ದು, ಬಾಯಿಗೆ ಸಿಕ್ಕಿಸಿದ ಗುಂಡು. ಇದರಲ್ಲಿ ಇಷ್ಟೊಂದು ಜಾತಿ, ಉಪಜಾತಿ, ಒಳಪಂಗಡ ಇರುತ್ತವೆಂದು ನನಗೆ ಗೊತ್ತಿರಲಿಲ್ಲ. ಅಂಗಡಿಯಲ್ಲಿ ಸಿಗುವ ಚಿಕ್ಕ ತೋಟಾ ಸಾಲದೇ ಎಂದರೆ, ಈ ರಾಜ್ಯದಲ್ಲಿ ಬೇಟೆಗೆ ಸೀಸದ ಗುಂಡು ಬಳಸುವಂತಿಲ್ಲ, ಸೀಸ ತಿಂದು ರಣಹದ್ದುಗಳು ಸಾಯುತ್ತವೆ. ಸೀಸವಿಲ್ಲದ ಚಿಕ್ಕ ತೋಟಾ ವಾಲ್ಟರ್ ಅವರ ಹಳೆಯ ಬಂದೂಕಿನಲ್ಲಿ ಐದು ಹೊಡೆದರೆ ಐದು ಕಡೆ ಹೋಗುತ್ತಿತ್ತು. ಅಷ್ಟನ್ನು ನಾನು ಯಾವ ಬಂದೂಕಿನಲ್ಲಾದರೂ ಮಾಡಬಲ್ಲೆ. ದೊಡ್ಡ ತೋಟಾ ಎಂದರೆ ಪೆನ್ನಿ ಮತ್ತೆ ಬೇಲಿ ಪಾಲು. ಹಾಗಾಗಿ ವೈಲ್ಡ್‌ಕ್ಯಾಟೇ ಗತಿ ಎಂದರು ಕಾಕಾ. ವೈಲ್ಡ್‌ಕ್ಯಾಟ್, ಅಂದರೆ ಕಾಡುಬೆಕ್ಕು. ಯಾವ ಕಂಪನಿಯೂ ಮಾಡಿ ಮಾರದ, ಹವ್ಯಾಸಿಗಳು ಒಂದು ತೋಟಾದ ಕುತ್ತಿಗೆಯನ್ನು ಅಚ್ಚಿನಲ್ಲಿ ಒತ್ತಿ ಸಣ್ಣದು ಮಾಡಿ ಇನ್ನೂ ಸಪೂರ ಗುಂಡು ಕೂರುವಂತೆ ಕೈಯಾರೆ ಮಾಡಿಕೊಳ್ಳುವ ತೋಟಾಕ್ಕೆ ಇಲ್ಲಿ ಹಾಗೆ ಹೆಸರು.

ನಾನು ಎಂಜಿನಿಯರು. ಒಂದು ವಸ್ತುವನ್ನು ಆರಿಸಬೇಕೆಂದರೆ ಮೊದಲು ಎಕ್ಸೆಲ್ ತೆರೆಯುವುದು ನಮ್ಮ ಕುಲಾಚಾರ. ಸದ್ದು, ಹಿಂದೊದೆತ, ನೂರು ಗಜದಲ್ಲಿ ನಿಖರತೆ ಎಂದು ಕಾಲಮ್ಮುಗಳನ್ನು ಎಳೆದು ಹನ್ನೊಂದು ಕಾಡುಬೆಕ್ಕುಗಳ ಜಾತಕ ತುಂಬಿದೆ. ಇಂಟರ್ನೆಟ್ಟಿನಲ್ಲಿ ಇದಕ್ಕೆಂದೇ ಕೂತ ಅಜ್ಜಂದಿರಿದ್ದಾರೆ. ಕೂದಲೆಳೆಯಷ್ಟು ವ್ಯತ್ಯಾಸಕ್ಕೆ ಅವರು ಇಪ್ಪತ್ತು ವರ್ಷದಿಂದ ಮಾತು ಬಿಟ್ಟಿದ್ದಾರೆ, ಮಾತು ಬಿಟ್ಟ ವಿಷಯವನ್ನು ದಿನಾ ಬರೆದು ತಿಳಿಸುತ್ತಾರೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಅಲ್ಲಗಳೆದು, ಕೊನೆಗೆ ಇಬ್ಬರೂ ಸೇರಿ ನನ್ನಂಥ ಹೊಸಬನನ್ನು ಬೈಯುತ್ತಾರೆ. ಹೆಣ್ಣು ನೋಡುವ ಕಾಲದಲ್ಲಿ ನಮ್ಮ ಸೋದರಮಾವಂದಿರು ಮಾಡಿದ್ದೂ ಇದನ್ನೇ. ಹದಿನೈದು ದಿನ ಹೀಗೆ ಕಳೆದು, ಹನ್ನೊಂದಕ್ಕೂ ಹೆಚ್ಚುಕಡಿಮೆ ಒಂದೇ ಅಂಕ ಬಂದು, ನಾನು ಆ ಹಾಳೆಯನ್ನು ಹೊತ್ತು ಕಾಕಾ ಹತ್ತಿರ ಹೋದೆ. ಅವರು ಅದನ್ನು ಮಡಚಿ ಲೇಥಿನ ಎಣ್ಣೆ ಒರೆಸಿದರು. “ನಿನಗ ಬೇಕಾದ್ದು ಒಂದ ಮಾತಿನಾಗ ಹೇಳು,” ಎಂದರು. ನಾನು ಯೋಚಿಸಿ, “ಮೈಲ್ಡು” ಎಂದೆ. ಇಲ್ಲಿ ಹೋಟೆಲಿನಲ್ಲಿ ಮೈಲ್ಡೋ ಸ್ಪೈಸಿಯೋ ಎಂದು ಕೇಳಿದಾಗಲೆಲ್ಲ ಎದೆಯುಬ್ಬಿಸಿ ಸ್ಪೈಸಿ ಎಂದವನು ನಾನು, ಜನ್ಮದಲ್ಲಿ ಮೊದಲ ಸಲ ಆ ಶಬ್ದವನ್ನು ನನಗೆಂದು ಆಡಿದ್ದೆ. “ಗದಗಿನವನ ಬಾಯಾಗ ಎಂಥಾ ಮಾತು ಬಂತಪಾ,” ಎಂದು ನಕ್ಕು ಕಾಕಾ ಒಪ್ಪಿಕೊಂಡರು. “ಆತು. ಸಪ್ಪನ್ನ ತೋಟಾ ಒಂದು ಮಾಡೂಣು.”

ಕೊನೆಗೆ ಗೊತ್ತಾದದ್ದು ಹಾರ್ನೆಟ್ ಎಂಬ ಹಳೆಯ ಪುಟ್ಟ ತೋಟಾದ ಕುತ್ತಿಗೆ ಒತ್ತಿ ಇಂಚಿನ ಐದನೆಯ ಒಂದು ಭಾಗದಷ್ಟು ದಪ್ಪದ ಗುಂಡು ಕೂರಿಸುವುದು ಎಂದು. ಹಾರ್ನೆಟ್ ಎಂದರೆ ಕಣಜದ ಹುಳ. ಕಣಜದಿಂದ ಮಾಡಿದ ಕಾಡುಬೆಕ್ಕು, ಅದು ಹೊಡೆಯಬೇಕಾದದ್ದು ಅಳಿಲನ್ನು, ಉಳಿಸಬೇಕಾದದ್ದು ಕುದುರೆಯನ್ನು. ಇಷ್ಟು ಪ್ರಾಣಿಗಳು ಪಂಚತಂತ್ರದ ಒಂದು ಕತೆಯಲ್ಲೂ ಒಟ್ಟಿಗೆ ಸೇರಿರಲಿಕ್ಕಿಲ್ಲ. ಬಂದೂಕಿಗೆ ಈ ತೋಟಾಕ್ಕೆ ತಕ್ಕ ಹೊಸ ನಳಿಗೆಯನ್ನು ಕಾಕಾ ತಾವೇ ಕೂರಿಸಿದರು. ಒಂದು ದಿನವೂ ಇದೆಲ್ಲ ಯಾಕೆ ಎಂದು ಕೇಳಲಿಲ್ಲ. ಯಾರದೋ ಕುದುರೆಗಾಗಿ ಆರು ಶನಿವಾರ ಕೆಲಸ ಮಾಡಿದ ಆ ಮನುಷ್ಯನಿಗೆ ಥ್ಯಾಂಕ್ಸ್ ಹೇಳಹೋದರೆ, “ನಮ್ಮೂರಾಗ ನಮ್ಮಪ್ಪನ ಟಾಂಗಾ ಕುದರಿ ಇತ್ತು, ಸುಮ್ಮನ ಚಾ ಕುಡಿ,” ಎಂದರು.

ಇನ್ನು ನನ್ನ ಮೇಲೆ ಬಂದ ಸಂಕಟಕ್ಕೆ ಬರುತ್ತೇನೆ. ಅದು ಬಂದದ್ದು ಸಂಕಟದ ಹಾಗಲ್ಲ, ಎಣ್ಣೆಗಾಯಿಯ ಹಾಗೆ. ಮಾರ್ಚಿನಲ್ಲಿ ಒಂದು ದಿನ ಕಾರಣವಿಲ್ಲದೆ ಸುಮಂಗಲಾ ಬದನೆಕಾಯಿ ಎಣ್ಣೆಗಾಯಿ ಮಾಡಿದಳು. ಮರುದಿನ ಶೇಂಗಾ ಹೋಳಿಗೆ. ವಾರಪೂರ್ತಿ ಕೆಲಸ ಮಾಡಿ ಶನಿವಾರ ಜೋಳದ ರೊಟ್ಟಿ ಬಡಿದಳು, ಇಲ್ಲಿಯ ಒಲೆಯ ಮೇಲೆ ಅದು ಎಷ್ಟು ಕಷ್ಟ ಎಂದು ಬಡಿದವರಿಗೇ ಗೊತ್ತು. ನನ್ನನ್ನು ನೋಡಿ ಮಾತು ಮಾತಿಗೆ ಮುಗುಳ್ನಗೆ. ಮದುವೆಯಾಗಿ ಇಪ್ಪತ್ತು ವರ್ಷ ತುಂಬುವ ತಿಂಗಳು ಹತ್ತಿರ ಬಂದಿತ್ತು, ಅದರ ಪ್ರಭಾವವಿರಬೇಕು ಎಂದು ನಾನು ಉಂಡೆ. ಪ್ರಶ್ನೆ ಕೇಳಿದರೆ ಹೋಳಿಗೆ ನಿಲ್ಲುವ ಅಪಾಯವಿತ್ತು. ಹಿತ್ತಲಲ್ಲಿ ಮೊಟ್ಟೆಯ ಟ್ರೇಗಳು ಕಾಣಿಸಿಕೊಂಡವು, ಮೊಟ್ಟೆ ತಿನ್ನುವ ನೆರೆಮನೆಯವರಿಂದ ಕೇಳಿ ತಂದದ್ದು. ಒಂದೊಂದು ಗುಳಿಯಲ್ಲೂ ಮಣ್ಣು ತುಂಬಿ ಮೆಂತ್ಯ, ಪುಂಡಿ, ಹಕ್ಕರಕಿ ಸೊಪ್ಪುಗಳು ಮೊಳಕೆಯೊಡೆದಿದ್ದವು. ಅನು ಒಂದು ಸಂಜೆ ನನ್ನ ಪಕ್ಕ ಬಂದು ಕೂತು, “ಅಪ್ಪಾ, ಆರ್ ವಿ ರಿಚ್?” ಎಂದು ಕೇಳಿದಳು. ಹದಿಹರೆಯದ ಮಕ್ಕಳು ಇಂಥದ್ದನ್ನು ಕೇಳುತ್ತಿರುತ್ತಾರೆ ಎಂದು ತಲೆ ಸವರಿ ಕಳಿಸಿದೆ.

ನಡೆದದ್ದೇನೆಂದರೆ, ನಜೀರ ಕಾಕಾ ನನಗೆ ವಾಟ್ಸ್ಯಾಪಿನಲ್ಲಿ ಕನ್ನಡದಲ್ಲೇ ಬರೆಯುತ್ತಾರೆ. ಬೆರಳು ದಪ್ಪ, ಹಾಗಾಗಿ ಬಾಯಲ್ಲಿ ಹೇಳಿ ಫೋನಿನಿಂದ ಬರೆಸುತ್ತಾರೆ. ಫೋನಿಗೆ ಬಂದೂಕಿನ ತೋಟಾ ಗೊತ್ತಿಲ್ಲ, ಹಣ್ಣುಹಂಪಲಿನ ತೋಟ ಗೊತ್ತು. ಒಂದು ದೀರ್ಘ ಅವರಿಗೂ ತಿಳಿಯದಂತೆ ಎಲ್ಲೋ ಬಿದ್ದುಹೋಗುತ್ತಿತ್ತು. ನಾನು ಸ್ನಾನಕ್ಕೆ ಹೋದಾಗ ಮೇಜಿನ ಮೇಲಿದ್ದ ಫೋನಿನಲ್ಲಿ ಒಂದಾದ ಮೇಲೆ ಒಂದು ಸಂದೇಶ ಬೆಳಗಿವೆ. ‘ತೋಟ ಯಾವುದಂತ ಗಟ್ಟಿ ಆತು.’ ‘ದೊಡ್ಡ ತೋಟ ನಿನಗ ಬ್ಯಾಡ, ಸಣ್ಣದ ಸಾಕು, ಸದ್ದಿಲ್ಲದ್ದು.’ ‘ಇಂಥಾ ತೋಟ ಪ್ಯಾಟ್ಯಾಗ ಸಿಗೂದಿಲ್ಲ, ನಾವ ಕೈಲೆ ಮಾಡ್ಕೋಬೇಕು.’ ‘ಕುತ್ತಿಗಿ ಸ್ವಲ್ಪ ಸಣ್ಣದೈತಿ, ಚಿಂತಿಲ್ಲ.’ ಕೊನೆಯದು, ‘ಮನ್ಯಾಗ ಹೇಳಬ್ಯಾಡ ಅಂದಿದ್ದಿ, ನಾ ಯಾಕ ಹೇಳ್ಲಿ.’ ಇದನ್ನು ಓದಿದ ಯಾವ ಹೆಂಡತಿಯಾದರೂ ಏನು ತಿಳಿಯುತ್ತಾಳೆ? ಮದುವೆಯ ಇಪ್ಪತ್ತನೆಯ ವರ್ಷಕ್ಕೆ ಗಂಡ ಗುಟ್ಟಾಗಿ ಊರಾಚೆ ಎಲ್ಲೋ ಒಂದು ಸಣ್ಣ ತೋಟ ಕೊಡಿಸುತ್ತಿದ್ದಾನೆ, ಒಳಗೆ ಹೋಗುವ ದಾರಿ ತುಸು ಕಿರಿದು, ಅಷ್ಟೇ. ಸ್ಯಾನ್ ರಮೋನಿನ ನಮ್ಮ ಹಿತ್ತಲು ಹಾಸಿಗೆಯಷ್ಟಿದೆ. ಕೈತೋಟದ ಆಸೆಯನ್ನು ಅವಳು ಹೇಳುವುದನ್ನೇ ಬಿಟ್ಟು ವರ್ಷಗಳಾಗಿದ್ದವು, ನಾನು ಅದನ್ನು ಮರೆತಿದ್ದೆ. ಗಂಡ ಮರೆತಿಲ್ಲ ಎಂದು ತಿಳಿದು ಅವಳು ರೊಟ್ಟಿ ಬಡಿದಿದ್ದಳು.

ಆದರೆ ಆಗ ನನಗಿದು ಯಾವುದೂ ಗೊತ್ತಿಲ್ಲ. ಏಪ್ರಿಲಿನ ಒಂದು ಶನಿವಾರ ಬೆಳಿಗ್ಗೆ ವಾಲ್ಟರ್ ಅವರಲ್ಲಿಗೆ ಹೊರಡಲು ಶೂ ಹಾಕಿಕೊಳ್ಳುತ್ತಿದ್ದಾಗ ಅವಳು ಬಂದು ನಿಂತು, “ನನಗೆಲ್ಲಾ ಗೊತ್ತಾಗೇದ್ರಿ. ತೋಟಾ ನೋಡ್ಲಿಕ್ಕೆ ನಾನೂ ಬರ್ತೀನಿ,” ಎಂದಳು. ಬರೆಯುವಾಗ ಬಿದ್ದುಹೋಗುವ ದೀರ್ಘ ನಮ್ಮ ಕಡೆಯವರ ಬಾಯಲ್ಲಿ ಬೇಡದಲ್ಲೂ ಬರುತ್ತದೆ. ಊಟ ನಮಗೆ ಊಟಾ, ಹೊಲ ಹೊಲಾ, ತೋಟವೂ ತೋಟಾ. ಕಾಕಾ ಬಾಯಿಬಿಟ್ಟಿರಬೇಕು. “ಸಿಟ್ಟಿಲ್ಲೇನು?” ಎಂದೆ. “ಯಾತಕ್ಕ ಸಿಟ್ಟು? ಸಣ್ಣದಾದ್ರ ಏನಾತು, ನಮ್ಮಿಬ್ಬರಿಗೆ ಸಾಕಲ್ಲ,” ಎಂದಳು. ಇಬ್ಬರಿಗೆ? ಇವಳೂ ಹೊಡೆಯುತ್ತಾಳೆಯೇ? ಅಳಿಲಿಗೆ ಶೇಂಗಾ ಇಡುವ ಹೆಂಗಸು ಒಂದು ಕುದುರೆಯ ಕಷ್ಟ ತಿಳಿದು ಇಷ್ಟು ದೊಡ್ಡ ಮನಸ್ಸು ಮಾಡಿದಳಲ್ಲ ಎಂದು ನನಗೆ ಕಣ್ಣು ತುಂಬಿತು. ಅವಳಿಗೂ ತುಂಬಿತ್ತು. ಇಬ್ಬರೂ ಬೇರೆ ಬೇರೆ ಕಾರಣಕ್ಕೆ ಒಬ್ಬರನ್ನೊಬ್ಬರು ಮೆಚ್ಚಿಕೊಂಡು ಕಾರು ಹತ್ತಿದೆವು. ಸಸಿಯ ಟ್ರೇಗಳನ್ನು ಅವಳು ಹಿಂದಿನ ಸೀಟಿನಲ್ಲಿ ಇಟ್ಟಾಗ, ವಾಲ್ಟರ್ ಅವರಿಗೆ ಉಡುಗೊರೆ ಎಂದು ತಿಳಿದೆ. ಅನು ಬಂದದ್ದು ಗಿಲ್‌ರಾಯ್‌ನ ಔಟ್‌ಲೆಟ್ ಅಂಗಡಿಗಳಿಗಾಗಿ, ಅದರಲ್ಲಿ ಯಾರಿಗೂ ಸಂಶಯವಿರಲಿಲ್ಲ.

ಗಿಲ್‌ರಾಯ್ ಬೆಳ್ಳುಳ್ಳಿಗೆ ಹೆಸರಾದ ಊರು, ಹತ್ತಿರ ಬರುತ್ತಿದ್ದ ಹಾಗೆ ಅದರ ವಾಸನೆ ಕಾರಿನೊಳಗೆ ಬಂತು. “ಚಟ್ನಿಪುಡಿ ಕುಟ್ಟಿದ ಮನಿ ಹಂಗ ಐತಲ್ರಿ ಊರು,” ಎಂದು ಸುಮಂಗಲಾ ಕಿಟಕಿ ಇಳಿಸಿದಳು. ವಾಲ್ಟರ್ ಗೇಟಿನಲ್ಲೇ ನಿಂತಿದ್ದರು, ನಜೀರ ಕಾಕಾ ಆಗಲೇ ಬಂದಿದ್ದರು. ಪೆನ್ನಿ ದೂರದಲ್ಲಿ ಹುಲ್ಲು ಮೇಯುತ್ತಿದ್ದಳು, ಒಂದೊಂದು ಹೆಜ್ಜೆಯನ್ನೂ ನೆಲವನ್ನು ಕೇಳಿ ಇಡುವ ಹಾಗೆ. ಸುಮಂಗಲಾ ಸುತ್ತ ಕಣ್ಣಾಡಿಸಿ, ಮಣ್ಣನ್ನು ಬೆರಳಿನಲ್ಲಿ ಉಜ್ಜಿ ನೋಡಿ, ಕಾಕಾಗೆ ನಮಸ್ಕಾರ ಮಾಡಿ, “ಕಾಕಾ, ಎಲ್ಲೈತ್ರಿ ನಮ್ಮ ತೋಟಾ?” ಎಂದಳು. “ಇಲ್ಲೇ ಐತವ್ವಾ,” ಎಂದು ಕಾಕಾ ಅಂಗಿಯ ಜೇಬಿಗೆ ಕೈ ಹಾಕಿ ಆರು ವಾರದ ತಮ್ಮ ಶ್ರಮವನ್ನು ಹೆಮ್ಮೆಯಿಂದ ಅವಳ ಅಂಗೈ ಮೇಲೆ ಇಟ್ಟರು. ಬೆರಳಿನ ಎರಡು ಗೆಣ್ಣಿನಷ್ಟುದ್ದ, ಹಿತ್ತಾಳೆಯ ಮೈ, ತುದಿಯಲ್ಲಿ ತಾಮ್ರದ ಮೂಗು. ಅವಳು ಅದನ್ನು ನೋಡಿದಳು. ನನ್ನನ್ನು ನೋಡಿದಳು. ಕಾರಿನ ಹಿಂದಿನ ಸೀಟಿನ ಕಡೆ ನೋಡಿದಳು. ಆಗ ನನಗೆ ಮೂರು ವಾರದ ಎಣ್ಣೆಗಾಯಿ, ಹೋಳಿಗೆ, ಸಸಿ, ಮಗಳ ಪ್ರಶ್ನೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. “ಇಷ್ಟೇನ್ರಿ?” ಎಂದಳು ಸುಮಂಗಲಾ, ಮೆಲ್ಲಗೆ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾನು ಎಲ್ಲವನ್ನೂ ಹೇಳಿದೆ. ವಾಲ್ಟರ್ ಫೋನು ಮಾಡಿದ್ದು, ಕುದುರೆ, ರೂತ್, ಬೇಸಿಗೆಯ ಗಡುವು, ಯೋಗದ ಕ್ಲಾಸು ಕೂಡ. ಅವಳು ಪೆನ್ನಿಯ ಕಡೆ ನೋಡುತ್ತ ಕೇಳಿಸಿಕೊಂಡಳು. ನಲವತ್ತಮೂರನೆಯ ದಿನ ಅನುವನ್ನು ಸೊಂಟದ ಮೇಲೆ ಹೊತ್ತು ಬಾಗಿಲಲ್ಲಿ ನಿಂತು ನನ್ನ ಮುಖವನ್ನು ಓದಿದವಳು ಅವಳೇ. ತೋಟಾವನ್ನು ನನ್ನ ಕೈಗೆ ಹಾಕಿ, “ಹೋಗ್ರಿ, ಅವರ ಕೆಲಸಾ ಮೊದಲ ಮಾಡ್ರಿ. ನಾ ಆ ಕಡೆ ಮುಖಾ ಮಾಡ್ಕೊಂಡು ನಿಂದರ್ತೀನಿ,” ಎಂದಳು.

ಗುಂಡು ಆಚೆ ಹೋಗದಂತೆ ಅಡ್ಡಕ್ಕೆ ಮಣ್ಣಿನ ದಿಬ್ಬವಿದ್ದ ಕಡೆ ಗುರಿಯಿಟ್ಟು ನೆಲದ ಮೇಲೆ ಮಲಗಿದೆ. ಎಪ್ಪತ್ತು ಗಜದಾಚೆ ಒಂದು ಅಳಿಲು ಬಿಲದ ಬಾಯಲ್ಲಿ ಎರಡು ಕಾಲ ಮೇಲೆ ಎದ್ದು ಕೈ ಜೋಡಿಸಿ ನಿಂತಿತ್ತು. ಅವು ಹಾಗೇ ನಿಲ್ಲುತ್ತವಂತೆ, ನನಗಾಗಿ ಮಾಡಿದ್ದಲ್ಲ ಎಂದು ಕಾಕಾ ಸಮಾಧಾನ ಹೇಳಿದರು. ಟ್ರಿಗರ್ ಒತ್ತಿದರೆ ಟಪ್ ಎಂದಿತು, ಒಗ್ಗರಣೆಗೆ ಸಾಸಿವೆ ತುಸು ಜೋರಾಗಿ ಸಿಡಿದಷ್ಟು. ಎಲ್ಲರೂ ಅಳಿಲನ್ನು ಬಿಟ್ಟು ಕುದುರೆಯನ್ನು ನೋಡಿದೆವು. ಪೆನ್ನಿ ಒಂದು ಕಿವಿ ಎತ್ತಿದಳು, ಯೋಚಿಸಿದಳು, ಕಿವಿ ಇಳಿಸಿ ಮತ್ತೆ ಹುಲ್ಲಿಗೆ ಬಾಯಿ ಹಾಕಿದಳು. ವಾಲ್ಟರ್ ಟೋಪಿ ತೆಗೆದು ಮುಖಕ್ಕೆ ಅಡ್ಡ ಹಿಡಿದುಕೊಂಡರು. ಅಳಿಲೂ ಕ್ಷೇಮವಾಗಿತ್ತು. ಗುಂಡು ದಿಬ್ಬದ ಮೇಲಿನ ಎಡಮೂಲೆಗೆ ಹೋಗಿತ್ತು. ಎರಡನೆಯದೂ ಅಲ್ಲಿಗೇ. ಮೂರನೆಯ ಸಲ ಕಾಕಾ ನನ್ನ ಬಲಗಣ್ಣ ರೆಪ್ಪೆಯನ್ನು ಹೆಬ್ಬೆರಳಿನಿಂದ ಎತ್ತಿ ಹಿಡಿದರು, ಆಗ ತಾಕಿತು. ಸಂತೋಷವಾಯಿತೆಂದರೆ ಸುಳ್ಳು. ಶಿವಾ ಎಂದು ಬಾಯಿ ತಾನಾಗಿ ಅಂದಿತು. ಆದರೆ ಆ ಮುದಿ ಕುದುರೆಯ ನಾಲ್ಕು ಕಾಲು ನೋಡಿದಾಗ ಮಾಡಿದ್ದು ತಪ್ಪೆಂದೂ ಅನ್ನಿಸಲಿಲ್ಲ. ಉಳಿದದ್ದನ್ನು ಕಾಕಾ ವಹಿಸಿಕೊಂಡರು. ಇಂಥ ಕೈ ಇಟ್ಟುಕೊಂಡು ಮೊದಲೇ ಯಾಕೆ ವಹಿಸಿಕೊಳ್ಳಲಿಲ್ಲ ಎಂದರೆ, “ಅಂವಾ ಕೇಳಿದ್ದು ನಿನ್ನ, ನನ್ನಲ್ಲ. ನೀ ಒಂದಾದ್ರೂ ಹೊಡೀದಿದ್ರ ಜೀವನಪೂರ್ತಿ ಮನಸಿನಾಗ ಇಟಕೊಳ್ತಿದ್ದಿ,” ಎಂದರು.

ಸಲಿಕೆಯಿಂದ ಬಿಲಗಳನ್ನು ಮುಚ್ಚುತ್ತಿದ್ದಾಗ ನನಗೆ ತಡೆಯಲಿಲ್ಲ, ಶಿಬಿರದ ಆರು ತೂತಿನ ಕತೆಯನ್ನು ವಾಲ್ಟರ್ ಅವರಿಗೆ ಒಪ್ಪಿಸಿಬಿಟ್ಟೆ. ಬಹುಮಾನ ಹಾವೇರಿಯ ಹುಡುಗನದು, ನನ್ನದು ಮೂಲೆಯದು ಎಂದೆ. ವಾಲ್ಟರ್ ಸಲಿಕೆಯ ಮೇಲೆ ಭಾರ ಬಿಟ್ಟು ನಕ್ಕರು. “ಆ ವಾರ ನನ್ನ ಮೇಜಿನ ಮೇಲೆ ನಲವತ್ತು ಅರ್ಜಿ ಇದ್ದವು, ಶಿವ್. ಎಲ್ಲದರಲ್ಲೂ ಅದೇ ಡಿಗ್ರಿ, ಅದೇ ಸಾಫ್ಟ್‌ವೇರು. ರೈಫಲ್ ಇದ್ದದ್ದು ನಿನ್ನದೊಂದರಲ್ಲೇ. ರೂತ್‌ಗೆ ಓದಿ ಹೇಳಿದೆ, ಇವನನ್ನು ಕರೆದು ನೋಡು ಎಂದಳು.” ನಾನು ಬಿಲದ ಪಕ್ಕದಲ್ಲೇ ಕೂತುಬಿಟ್ಟೆ. ಇಪ್ಪತ್ತೈದು ವರ್ಷದ ಹಿಂದೆ ಹುಬ್ಬಳ್ಳಿಯ ಬಯಲಿನಲ್ಲಿ ಒಬ್ಬ ಹುಡುಗ ಹಲಗೆ ತಪ್ಪಿದ. ನನ್ನ ಕೆಲಸ, ಮನೆ, ಔಟ್‌ಲೆಟ್‌ಗೆ ಯಾವಾಗ ಹೋಗುವುದೆಂದು ಕೇಳುತ್ತ ನಿಂತಿರುವ ನನ್ನ ಮಗಳು, ಎಲ್ಲ ಅವನ ಐದು ಗುಂಡಿನ ಪುಣ್ಯ. ಅವನ ಹೆಸರನ್ನೂ ನಾನು ಕೇಳಿಕೊಂಡಿರಲಿಲ್ಲ. ಹಾವೇರಿಯ ಅಣ್ಣಾ, ನೀನು ಎಲ್ಲಿದ್ದರೂ ತಣ್ಣಗಿರು.

ವಾಲ್ಟರ್ ಆಮೇಲೆ ಕಾರಿನ ಕಡೆ ಹೋಗಿ ಸಸಿಗಳನ್ನು ನೋಡಿ, ಇವೇನು ಎಂದು ಸುಮಂಗಲಾಳನ್ನು ಕೇಳಿದರು. ಅವಳು ನಾಚಿಕೊಂಡು ಏನೋ ಹೇಳಲು ಹೋದಳು. ಅನು ನಡುವೆ ಬಾಯಿ ಹಾಕಿ, ತೋಟ, ತೋಟಾ, ಎರಡನ್ನೂ ತನ್ನ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿಬಿಟ್ಟಳು. ಮನೆಯಲ್ಲಿ ಕನ್ನಡಕ್ಕೆ ಉತ್ತರ ಕೊಡದ ಹುಡುಗಿಗೆ ಒಂದು ದೀರ್ಘದ ಬೆಲೆ ಇಷ್ಟು ಚೆನ್ನಾಗಿ ಗೊತ್ತಿತ್ತೆಂದು ನನಗೆ ಗೊತ್ತಿರಲಿಲ್ಲ. ವಾಲ್ಟರ್ ನಮ್ಮನ್ನು ಲಾಯದ ಹಿಂದೆ ಕರೆದುಕೊಂಡು ಹೋದರು. ಹಳೆಯ ಬೇಲಿಯ ಒಳಗೆ ಕಳೆ ಬೆಳೆದ ನಾಲ್ಕು ಮಡಿ. ರೂತ್ ತರಕಾರಿ ಬೆಳೆಯುತ್ತಿದ್ದ ಜಾಗ, ಅವರು ಹೋದ ಮೇಲೆ ಯಾರೂ ಮುಟ್ಟಿರಲಿಲ್ಲ. “ನಿಮ್ಮ ಗಿಡಗಳಿಗೆ ಇಷ್ಟು ಸಾಕೇ?” ಎಂದು ಕೇಳಿದರು. ಸುಮಂಗಲಾ ಸೆರಗಿಲ್ಲದ ಕುರ್ತಾದಲ್ಲಿ ಸೆರಗು ಹುಡುಕಿ, ಸಿಗದೆ, ಕೈಯಿಂದಲೇ ಕಣ್ಣೊರೆಸಿಕೊಂಡಳು. ಅಂದು ಔಟ್‌ಲೆಟ್‌ಗೆ ಹೋಗಲಾಗಲಿಲ್ಲ.

ಈಗ ಬೇಸಿಗೆ ಮುಗಿಯುತ್ತ ಬಂದಿದೆ. ಪೆನ್ನಿ ಅಲ್ಲೇ ಇದ್ದಾಳೆ. ವಾಲ್ಟರ್ ಅವರ ಮಗಳು ಬಂದು ನೆಲ ತುಳಿದು ನೋಡಿ, ಪುಂಡಿಪಲ್ಲೆ ಉಂಡು, ಕುದುರೆಯ ಮಾತೆತ್ತದೆ ಹೋದಳು. ಸುಮಂಗಲಾ ವಾರಕ್ಕೆ ಎರಡು ದಿನ ಅಲ್ಲಿರುತ್ತಾಳೆ. ಮೊನ್ನೆ ಅಲ್ಲಿಂದಲೇ, ಕೈ ಮಣ್ಣಾಗಿದ್ದರಿಂದ ಬಾಯಲ್ಲಿ ಹೇಳಿ ಬರೆಸಿದ ಒಂದು ಸಂದೇಶ ಕಳಿಸಿದಳು. ‘ಹಕ್ಕರಕಿ ಪೂರಾ ಅಳಿಲು ತಿಂದು ಹೋಗ್ಯಾವ. ಈ ತೋಟ ಸಾಲೂದಿಲ್ಲ, ಇನ್ನೂ ದೊಡ್ಡದು ಬೇಕು.’ ನಾನು ಅದನ್ನು ಹತ್ತು ಸಲ ಓದಿದೆ. ಅಳಿಲಿಗೂ ಮಿಕ್ಕುವಷ್ಟು ಮಡಿ ಬೇಕೆನ್ನುತ್ತಾಳೋ, ಅಥವಾ ಬೇಲಿಯ ಮೇಲೆ ಶೇಂಗಾ ಇಡುವ ನನ್ನ ಹೆಂಡತಿ ಬೇರೆಯದನ್ನೇ ಕೇಳುತ್ತಿದ್ದಾಳೋ? ಯಾವುದಕ್ಕೂ ಇರಲಿ ಎಂದು ಸಂದೇಶವನ್ನು ಕಾಕಾಗೂ, ಅರ್ಥ ಬಿಡಿಸಿ ವಾಲ್ಟರ್ ಅವರಿಗೂ ಕಳಿಸಿದೆ. ವಾಲ್ಟರ್ ಬೇಲಿ ಕಿತ್ತು ಎರಡು ಮಡಿ ಹೆಚ್ಚಿಸಲು ಶುರುಮಾಡಿದ್ದಾರೆ. ಕಾಕಾ ಲೇಥಿನ ಮುಂದೆ ಕೂತಿದ್ದಾರೆ. ನಾನೊಬ್ಬನೇ ಇನ್ನೂ ಅವಳಿಗೆ ಉತ್ತರ ಬರೆದಿಲ್ಲ. ‘ಆಯಿತು, ದೊಡ್ಡ’ ಎನ್ನುವವರೆಗೆ ಬರೆದು, ಮುಂದಿನ ಶಬ್ದಕ್ಕೆ ದೀರ್ಘ ಹಾಕಬೇಕೋ ಬೇಡವೋ ತಿಳಿಯದೆ, ಅಭ್ಯಾಸದಂತೆ ಎರಡೂ ಕಣ್ಣು ಮುಚ್ಚಿಕೊಂಡು ಕೂತಿದ್ದೇನೆ.